ವೆಂಕಟರವಣಪ್ಪ ಮೇಷ್ಟ್ರ ಅಚ್ಚಾದ ಕತೆ

ಶಿಡ್ಲಘಟ್ಟದ ಒಂದು ಮಿಡ್ಲ್ ಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತಿದ್ದ ವೆಂಕಟರವಣಪ್ಪ ಮೇಷ್ಟ್ರಿಗೆ ಎರಡು ಚಟ. ಒಂದು ನಶ್ಯ, ಇನ್ನೊಂದು ಕಂಡಕಂಡಲ್ಲಿ ತಪ್ಪು ತಿದ್ದುವುದು. ಅಂಗಡಿ ಬೋರ್ಡಾಗಲಿ, ಲಗ್ನಪತ್ರಿಕೆಯಾಗಲಿ, ಬಸ್ಸಿನ ನೆತ್ತಿಯ ಮೇಲೆ ಬರೆದ ಊರ ಹೆಸರಾಗಲಿ, ತಪ್ಪಕ್ಷರ ಕಂಡರೆ ಬುದ್ಧಿಗೆ ಗೊತ್ತಾಗುವ ಮೊದಲೇ ಅವರ ನಾಲಿಗೆ ಅದನ್ನು ಸರಿಮಾಡಿ ಓದಿಬಿಡುತ್ತಿತ್ತು. ನಶ್ಯದಿಂದ ಅವರಿಗೆ ಏನೂ ಕೆಡಲಿಲ್ಲ. ಎರಡನೆಯದು ಮಾತ್ರ ಒಂದು ಮನೆಯನ್ನೇ ಮುರಿಯುವುದರಲ್ಲಿತ್ತು.

ಇದರ ಜೊತೆಗೆ ಅವರು ಕತೆ ಬರೆಯುತ್ತಿದ್ದರು. ಬರೆಯುವುದು ಹೇಗೆಂದು ಎಂಟನೇ ಕ್ಲಾಸಿನವರಿಗೆ ಪಾಠವನ್ನೂ ಹೇಳುತ್ತಿದ್ದರು. ಬಲಗೈ ಎತ್ತಿ ಬೆರಳು ಬಿಡಿಸಿ ತೋರಿಸುವರು. "ಹೆಬ್ಬೆರಳು ಪಾತ್ರ. ಅದಿಲ್ದೆ ಏನನ್ನೂ ಹಿಡಿಯಕ್ಕಾಗಲ್ಲ. ತೋರುಬೆರಳು ಜಾಗ, ಎಲ್ಲಿ ನಡೀತು ಅನ್ನೋದು. ನಡುಬೆರಳು ಘಟನೆ. ಉಂಗುರದ ಬೆರಳು ತೊಡಕು, ಉಂಗುರ ಸಿಕ್ಕಾಕ್ಕೊಳ್ಳೋದು ಅಲ್ಲೇ ತಾನೆ? ಕಿರುಬೆರಳು ಮುಕ್ತಾಯ. ಚಿಕ್ಕದು, ಆದ್ರೆ ಇಲ್ದಿದ್ರೆ ಕೈ ಮೊಂಡು. ಇನ್ನು ಅಂಗೈ ಇದೆಯಲ್ಲ, ಅದು ಯಾರ ಕಣ್ಣಿಂದ ನೋಡ್ತಿದೀರಿ ಅನ್ನೋದು. ತಿಳೀತೇನ್ರಪ್ಪಾ?" ಕ್ಲಾಸು ಒಕ್ಕೊರಲಿನಿಂದ "ತಿಳೀತು ಸಾ" ಅನ್ನುತ್ತಿತ್ತು. ಏನು ತಿಳಿಯಿತೋ ದೇವರೇ ಬಲ್ಲ. ಹೇಳುವವರಿಗೇ ಪೂರ್ತಿ ತಿಳಿದಿರಲಿಲ್ಲ ಅನ್ನುವುದು ಸಾವಿರದ ಒಂಬೈನೂರ ಅರವತ್ತೊಂದರ ಶ್ರಾವಣದಲ್ಲಿ ಗೊತ್ತಾಯಿತು.

ಹನ್ನೆರಡು ವರ್ಷ ಅವರು ಬೆಂಗಳೂರಿನ ವಾರಪತ್ರಿಕೆಗಳಿಗೆ ಕತೆ ಕಳಿಸಿದ್ದರು. ಹೋದದ್ದೆಲ್ಲ ಗೋಡೆಗೆ ಎಸೆದ ಚೆಂಡಿನ ಹಾಗೆ ವಾಪಸು ಬರುತ್ತಿತ್ತು. ಆ ವರ್ಷ ಒಂದನ್ನು ಒಪ್ಪಿಕೊಂಡೆವು ಅಂತ ಕಾರ್ಡು ಬಂತು. ಸರಿ, ಮೇಷ್ಟ್ರ ಕಾಲು ನೆಲದ ಮೇಲೆ ನಿಲ್ಲಬೇಕಲ್ಲ! ಸ್ಕೂಲಿನಲ್ಲಿ ಹೇಳಿದರು, ಕ್ಷೌರದ ಅಂಗಡಿಯಲ್ಲಿ ಹೇಳಿದರು. ಚಿಂತಾಮಣಿಯ ಹತ್ತಿರದ ಹಳ್ಳಿಗೆ ಕೊಟ್ಟಿದ್ದ ತಂಗಿ ರಾಮಲಕ್ಷ್ಮಮ್ಮನ ಮಾವ ಮುನಿವೆಂಕಟಪ್ಪನವರಿಗೂ ಒಂದು ಕಾಗದ ಹಾಕಿ, 'ನನ್ನ ಕಥೆ ಇಂಥ ವಾರ ಪ್ರಕಟವಾಗುತ್ತದೆ, ತಾವೆಲ್ಲರೂ ತಪ್ಪದೆ ಓದತಕ್ಕದ್ದು' ಅಂತ ಬರೆದರು. ಆ ಕೈಗೆ ಆ ಹೊತ್ತಿನಲ್ಲಿ ಲಕ್ವ ಹೊಡೆಯಬಾರದಿತ್ತೇ!

ಗುರುವಾರ ಬೆಳಗ್ಗೆ ಟಪಾಲಿನಲ್ಲಿ ಪತ್ರಿಕೆ ಬಂತು. ಮೇಷ್ಟ್ರು ಜಗುಲಿಯ ಮೇಲೆ ಕೂತು ಹೆಂಡತಿ ವರಲಕ್ಷ್ಮಮ್ಮನಿಗೆ ಓದಿ ಹೇಳಿದರು. ಅರ್ಧಕ್ಕೆ ಬಂದವರು ತಟ್ಟನೆ ನಿಲ್ಲಿಸಿ ತೊಡೆ ಬಡಿದುಕೊಂಡರು.

"ನೋಡೇ ಈ ಅಚ್ಚಿನ ಮೊಳೆ ಜೋಡಿಸೋ ಮುಠ್ಠಾಳ ಮಾಡಿರೋದ! ನಾನು 'ಪಾಪಲು' ಅಂತ ಬರೆದಿದ್ದೆ. ಅವನು 'ಪಾಪಗಳು' ಅಂತ ಅಚ್ಚು ಹಾಕವ್ನೆ. ಪಾಪಲು ಅಂದ್ರೆ ತೆಲುಗಿನಲ್ಲಿ ಕೂಸುಗಳು ಅಂತ ಬೆಂಗಳೂರೋನಿಗೆ ಹೆಂಗೆ ಗೊತ್ತಾಗ್ಬೇಕು!"

ವರಲಕ್ಷ್ಮಮ್ಮ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು. "ರೇಷ್ಮೆ ಹುಳಾನ ಪಾಪಲು ಅನ್ನೋರು ನಂಗೆ ಗೊತ್ತಿರೋ ಹಾಗೆ ಒಬ್ರೇ. ನಿಮ್ಮ ತಂಗಿ ಅತ್ತೆ. ಏನ್ರೀ, ಇದು ರಾಮಲಕ್ಷ್ಮಿ ಮನೆ ವಿಷಯವೇನ್ರಿ?"

ಮೇಷ್ಟ್ರು ಪತ್ರಿಕೆ ಮಡಿಸಿದರು.

ಹೌದು, ರಾಮಲಕ್ಷ್ಮಿ ಮನೆಯ ವಿಷಯವೇ. ನಾಲ್ಕು ವರ್ಷದ ಹಿಂದೆ, ಮದುವೆಯಾದ ಹೊಸದರಲ್ಲಿ, ಅತ್ತೆ ಓಬಳಮ್ಮ ಮದನಪಲ್ಲಿ ಕಡೆಯ ತನ್ನ ತವರಿಗೆ ಹೋಗಿದ್ದಾಗ ಹುಳು ಸಾಕುವ ಕೋಣೆ ರಾಮಲಕ್ಷ್ಮಮ್ಮನ ಪಾಲಿಗೆ ಬಂದಿತ್ತು. ಹುಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಜ್ವರವೆಂದರೆ ಕಾಯಿಲೆಯಲ್ಲ. ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು ತಲೆಯೆತ್ತಿ ಸುಮ್ಮನೆ ನಿಲ್ಲುವುದಕ್ಕೆ ಆ ಕಡೆ ಹಾಗನ್ನುತ್ತಾರೆ. ನಾಲ್ಕನೆಯದರಿಂದ ಎದ್ದ ಹುಳುವಿನ ಹಸಿವು ಹೇಳತೀರದು. ಹೊರಗೆ ಜಡಿಮಳೆ. ಹಿಪ್ಪುನೇರಳೆ ಸೊಪ್ಪನ್ನು ಬಟ್ಟೆಯ ಮೇಲೆ ಹರಡಿ, ಒರೆಸಿ, ನೀರು ಪೂರ್ತಿ ಆರಿದ ಮೇಲೆ ಹಾಕಬೇಕು. ಹತ್ತೊಂಬತ್ತು ವರ್ಷದ ಹುಡುಗಿ, ಎರಡು ದಿನ ಕಣ್ಣು ಮುಚ್ಚಿರಲಿಲ್ಲ. ಒದ್ದೆ ಸೊಪ್ಪನ್ನೇ ಹಾಕಿ ಮಲಗಿಬಿಟ್ಟಳು. ಮೂರನೇ ದಿನಕ್ಕೆ ಸಪ್ಪೆ ರೋಗ ಬಂದು ಹುಳುವೆಲ್ಲ ಮೆತ್ತಗೆ ಕಪ್ಪಗಾಗಿ ನಾರತೊಡಗಿದವು. ಒಂದು ಬೆಳೆ ಪೂರ್ತಿ ತಿಪ್ಪೆಗೆ ಹೋಯಿತು.

ತಪ್ಪು ಮಾತ್ರ ಅವಳ ತಲೆಗೆ ಬರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವ ಹಾಗೆ ಅದು ದೊಡ್ಡ ಸೊಸೆ ಆಂಜಿನಮ್ಮನ ಮೇಲೆ ಬಿತ್ತು. ಆ ವಾರ ಆಂಜಿನಮ್ಮ ಮುಟ್ಟಾಗಿ ಹೊರಗಿದ್ದಳು. ಹೊರಗಾದವಳು ಹುಳುವಿನ ಕೋಣೆಯ ಕಡೆ ತಲೆ ಹಾಕಬಾರದು. ಇವಳೇ ಹೋಗಿ ಮೈಲಿಗೆ ಮಾಡಿದ್ದಾಳೆ ಅಂತ ಓಬಳಮ್ಮ ತೀರ್ಮಾನ ಮಾಡಿದರು. ಆಂಜಿನಮ್ಮ ಅತ್ತೆಯ ಪಾದ ಹಿಡಿದು ಆಣೆ ಇಟ್ಟಳು. ಯಾರೂ ನಂಬಲಿಲ್ಲ. ಅವತ್ತಿಂದ ಅವಳಿಗೆ ಆ ಕೋಣೆಯ ಬಾಗಿಲು ಮುಚ್ಚಿತು. ಸೊಪ್ಪು ಮುಟ್ಟುವ ಹಾಗಿಲ್ಲ. ಕೊಟ್ಟಿಗೆ, ಸಗಣಿ, ಹಿತ್ತಲು, ಅಷ್ಟೇ ಅವಳದು. ರಾಮಲಕ್ಷ್ಮಮ್ಮ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ತನ್ನನ್ನು ತವರಿಗೆ ಅಟ್ಟುತ್ತಾರೆ ಅನ್ನುವ ಭಯ. "ಮಾಡ್ದೋಳು ಒಪ್ಕೊಳ್ಲಿಲ್ಲ, ಅದಕ್ಕೇ ಇನ್ನೂ ಈ ಹೊಸ್ತಿಲ ಒಳಗವ್ಳೆ. ರುಜುವಾತಾದ ದಿನ ಆಚೆಗೆ" ಅಂತ ಓಬಳಮ್ಮ ಹತ್ತು ಜನರ ಮುಂದೆ ಅಂದಿದ್ದರು.

ಎರಡು ವರ್ಷದ ಮೇಲೆ ಬಾಣಂತನಕ್ಕೆ ಬಂದಾಗ ರಾಮಲಕ್ಷ್ಮಮ್ಮ ಇದನ್ನು ಅಣ್ಣನ ಮುಂದೆ ಹೇಳಿಕೊಂಡು ಅತ್ತಳು. ಕೂಸಿನ ತಲೆಯ ಮೇಲೆ ಅವರ ಕೈ ಇರಿಸಿ ಯಾರಿಗೂ ಹೇಳಬೇಡ ಅಂತ ಭಾಷೆ ತಗೊಂಡಳು. ಮೇಷ್ಟ್ರು ಹೇಳಲಿಲ್ಲ. ಬರೆದರು.

ಬರೆಯುವಾಗ ಜಾಣತನವೇನು ಕಮ್ಮಿಯೇ! ಜಾಗ ಬದಲಾಯಿಸಿ ಗೌರಿಬಿದನೂರಿನ ಕಡೆಗೆ ಒಯ್ದಿದ್ದರು. ಹೆಸರು ಬದಲಾಯಿಸಿದ್ದರು. ವಾರಗಿತ್ತಿಯನ್ನು ಪಕ್ಕದ ಮನೆಯವಳನ್ನಾಗಿ ಮಾಡಿದ್ದರು. ಬೆರಳು ಬೆರಳನ್ನೂ ಮುಚ್ಚಿಬಿಟ್ಟೆ ಅಂದುಕೊಂಡಿದ್ದರು. ಈಗ ನೋಡಿದರೆ ಮಳೆ ಅದೇ, ಒದ್ದೆ ಸೊಪ್ಪು ಅದೇ, ನಾಲ್ಕನೇ ಜ್ವರ ಅದೇ, ಅತ್ತೆ ತವರಿಗೆ ಹೋದದ್ದೂ ಅದೇ! ಹೆಂಡತಿಗೆ ಒಂದು ಮಾತಿನಲ್ಲಿ ಹೊಳೆದದ್ದು ಆ ಮನೆಯವರಿಗೆ ಹೊಳೆಯದೆ ಇರುತ್ತದೆಯೇ?

ಮೇಷ್ಟ್ರು ಸ್ಕೂಲಿಗೆ ರಜ ಚೀಟಿ ಕಳಿಸಿ, ಅಂಗಿಯ ಗುಂಡಿಯನ್ನೂ ನೆಟ್ಟಗೆ ಹಾಕಿಕೊಳ್ಳದೆ ಚಿಂತಾಮಣಿ ಬಸ್ಸು ಹತ್ತಿದರು. ಬಸ್ಸೋ, ಕಂಡ ಕಂಡ ಮರದ ಕೆಳಗೆ ನಿಲ್ಲುತ್ತಿತ್ತು. ಟೊಮೇಟೊ ಬುಟ್ಟಿ ಹೇರುವವರು, ಕೋಳಿ ತರುವವರು, "ರಾಂಡಿ ರಾಂಡಿ" ಅಂತ ಕಂಡಕ್ಟರ್ ತೆಲುಗಿನಲ್ಲಿ ಜನರನ್ನು ಕರೆಯುವುದು. ಮೇಷ್ಟ್ರು ಬಾಯಾರಿ ಕೂತಿದ್ದರು. ಸಮಾಧಾನಕ್ಕೆ ಇದ್ದದ್ದು ಒಂದೇ. ಓಬಳಮ್ಮನ ಆ ಮಾತು 'ಪಾಪಗಳು' ಅಂತ ತಪ್ಪಾಗಿ ಅಚ್ಚಾಗಿದೆಯಲ್ಲ, ಅದು. ಬೆಳಗ್ಗೆ ಬೈದಿದ್ದ ಮೊಳೆ ಜೋಡಿಸುವವನಿಗೆ ಅವರು ಮನಸ್ಸಿನಲ್ಲೇ ಕೈಮುಗಿದರು.

ಚಿಂತಾಮಣಿಯಲ್ಲಿ ಇಳಿದವರೇ ಪತ್ರಿಕೆ ಮಾರುವ ಅಂಗಡಿಗೆ ಓಡಿದರು. ಇದ್ದಷ್ಟನ್ನೂ ತಾವೇ ಕೊಂಡುಬಿಡುವ ಲೆಕ್ಕಾಚಾರ.

"ಅಯಿಪೋಯಿಂದಿ ಸಾರ್. ಬಂದದ್ದೇ ಐದು, ಎಲ್ಲಾ ಖಾಲಿ," ಅಂದ ಅಂಗಡಿಯವನು. "ಮುನಿವೆಂಕಟಪ್ಪನೋರ ಚಿಕ್ಕ ಮಗ ಚೆನ್ನರಾಯಪ್ಪ ಬೆಳಗ್ಗಿಂದ ಇಲ್ಲೇ ಕಾದು ನಿಂತು ಒಂದು ತಗೊಂಡೋದ. ಅವರ ನೆಂಟರು ಯಾರೋ ಕತೆ ಬರೆದವ್ರಂತೆ. ದೊಡ್ಡ ಮನುಷ್ಯರಂತೆ ಸಾರ್."

ದೊಡ್ಡ ಮನುಷ್ಯರು ಮೂರು ಮೈಲಿ ಬಿಸಿಲಿನಲ್ಲಿ ಹೆಚ್ಚುಕಮ್ಮಿ ಓಡಿದರು.

ಹೊಸ್ತಿಲು ಕಾಣುವಾಗಲೇ ರಾಮಲಕ್ಷ್ಮಮ್ಮನ ಗಂಡ ಚೆನ್ನರಾಯಪ್ಪ ಎದ್ದು ಬಂದ. "ಬನ್ನಿ ಭಾವ, ನಿಮಗೆ ನೂರು ವರ್ಷ ಆಯಸ್ಸು! ಇನ್ನೂ ಓದಿಲ್ಲ, ಹುಳಕ್ಕೆ ಸೊಪ್ಪು ಹಾಕಿ ಬಂದು ಎಲ್ರೂ ಒಟ್ಟಿಗೆ ಕೂತು ಓದಣ ಅಂತ ಇದ್ವಿ." ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಇನ್ನೂ ಓದಿಲ್ಲ!

ಆಂಜಿನಮ್ಮ ಕೊಟ್ಟಿಗೆ ಕಡೆಯಿಂದ ಬಂದು ಕೈಕಾಲಿಗೆ ನೀರು ಕೊಟ್ಟಳು. ರಾಮಲಕ್ಷ್ಮಮ್ಮ ಮಜ್ಜಿಗೆ ತಂದಳು. ಅವಳ ಮುಖ ಹಬ್ಬದಂತಿತ್ತು. ಅಣ್ಣ ಏನು ಬರೆದಿದ್ದಾನೆ ಅಂತ ಪಾಪ, ಅವಳಿಗೇನು ಗೊತ್ತು?

"ಮಾವ, ಆ ಪತ್ರಿಕೆ ಒಂದ್ಸಲ ಕೊಡಿ. ಅದ್ರಲ್ಲಿ ಬಹಳ ಅಚ್ಚಿನ ತಪ್ಪಿದೆ. ತಗೊಂಡೋಗಿ ತಿದ್ದಿ ತಂದ್ಕೊಡ್ತೀನಿ," ಅಂದರು ಮೇಷ್ಟ್ರು.

"ಅದೆಲ್ಲಾ ಬ್ಯಾಡಪ್ಪ," ಅಂದರು ಮಾವ ಮುನಿವೆಂಕಟಪ್ಪ. "ಬರೆದೋರೇ ಬಂದ್ಮೇಲೆ ಬರೆದೋರ ಬಾಯಲ್ಲೇ ಕೇಳಣ. ಓದಪ್ಪಾ. ಏ ಓಬಳೂ, ಬಾರೇ ಇಲ್ಲಿ!"

ಓಬಳಮ್ಮ ಕೈ ಒರೆಸಿಕೊಂಡು ಬಂದು ಕಂಬಕ್ಕೆ ಒರಗಿ ಕೂತರು. ರಾಮಲಕ್ಷ್ಮಮ್ಮ ಬಾಗಿಲ ಹತ್ತಿರ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಳು. ಆಂಜಿನಮ್ಮ ಅಂಗಳದಲ್ಲೇ ಒರಳುಕಲ್ಲಿನ ಪಕ್ಕ ಕುಕ್ಕರಿಸಿದಳು. ಒಳಕ್ಕೆ ಬಾ ಅಂತ ಅವಳನ್ನು ಯಾರೂ ಕರೆಯಲಿಲ್ಲ.

ಇನ್ನು ಓದದೆ ಗತಿಯಿಲ್ಲ. ಮೇಷ್ಟ್ರು ಒಂದು ಚಿಟಿಕೆ ನಶ್ಯ ಏರಿಸಿ, ಗಟ್ಟಿ ಮನಸ್ಸು ಮಾಡಿ, ಅಚ್ಚಿನಲ್ಲಿ ಇಲ್ಲದ ಕತೆಯನ್ನು ಓದತೊಡಗಿದರು. ಕಣ್ಣು ಒಂದು ಕಂಡರೆ ಬಾಯಿ ಇನ್ನೊಂದು ಹೇಳಬೇಕು. ರೇಷ್ಮೆ ಹುಳುವನ್ನು ಎತ್ತಿ ಆಚೆ ಹಾಕಿ ಆಲೆಮನೆ ತಂದರು. ಗೌರಿಬಿದನೂರಿನ ಕಡೆ ಕಬ್ಬು ಇದೆಯಲ್ಲ, ಹೊಂದುತ್ತದೆ. ಸೊಸೆ ಬೆಲ್ಲದ ಪಾಕ ಕಾಯುತ್ತಿದ್ದಾಳೆ. ಮಳೆ ಬರುತ್ತಿದೆ. ಒದ್ದೆ ಸೊಪ್ಪು ಅಂತ ಇದ್ದ ಕಡೆ ಒದ್ದೆ ಸೌದೆ ಅಂದರು.

"ಆಲೆಮನೇಲಿ ಹೊಸ ಸೊಸೆಗೇನು ಕೆಲ್ಸ?" ಅಂದರು ಓಬಳಮ್ಮ. "ಗಂಡಸ್ರು ಏನಾದ್ರು?"

"ಗಂಡಸ್ರು... ಗಂಡಸ್ರೆಲ್ಲಾ ದಂಡಿಗೆ ಹೋಗಿದ್ರು ಅತ್ತೆ."

"ಗೌರಿಬಿದನೂರಿಂದ ದಂಡಿಗಾ?"

ಒಂದು ಎಳೆ ಬದಲಾಯಿಸಿದರೆ ಇನ್ನೊಂದು ಕಿತ್ತು ಬರುತ್ತಿತ್ತು. ಜಾಗ ಬದಲಾದರೆ ಕೆಲಸ ಬದಲಾಗಬೇಕು, ಕೆಲಸ ಬದಲಾದರೆ ಅಲ್ಲಿ ಇರುವವರೂ ಬದಲಾಗಬೇಕು. ಪಾಠದಲ್ಲಿ ಹೇಳಿದ ಐದು ಬೆರಳೂ ಒಂದೇ ಕೈಯವು ಅನ್ನುವುದು ಮೇಷ್ಟ್ರಿಗೆ ಬೆವರು ಸುರಿಯುವಾಗ ಅರ್ಥವಾಯಿತು. ಒದ್ದೆ ಸೌದೆ ಅನ್ನುವ ಮಾತು ಬಿದ್ದಾಗಲೇ ರಾಮಲಕ್ಷ್ಮಮ್ಮ ತಲೆ ಎತ್ತಿದ್ದಳು. ಮಳೆ, ನಿದ್ದೆಗೆಟ್ಟ ಸೊಸೆ, ಊರಿಗೆ ಹೋದ ಅತ್ತೆ. ಅವಳ ಮುಖದಿಂದ ಬಣ್ಣ ಇಳಿಯುವುದು ಮೇಷ್ಟ್ರಿಗೆ ಪತ್ರಿಕೆಯ ಮೇಲಂಚಿನಿಂದ ಕಾಣುತ್ತಿತ್ತು. ಅವಳ ಕಡೆ ಅವರು ಮತ್ತೆ ನೋಡಲಿಲ್ಲ.

ಆದರೂ ಪಾರಾಗುವ ಹಾಗಿತ್ತು. ಎರಡನೇ ಪುಟ ಮುಗಿಯಿತು. ಇನ್ನು ಮುಕ್ಕಾಲು ಪುಟ. ಮುನಿವೆಂಕಟಪ್ಪ ತೂಕಡಿಸುತ್ತಿದ್ದರು. ಮೇಷ್ಟ್ರಿಗೆ ಕೊಂಚ ಧೈರ್ಯ ಬಂತು. ಧೈರ್ಯ ಬಂದದ್ದೇ ತಡ, ದನಿಗೆ ಅಭಿನಯವೂ ಬಂತು! ತವರಿಂದ ಬಂದ ಅತ್ತೆ ಬಾಗಿಲಲ್ಲೇ ನಿಂತು ಸೊಸೆಯನ್ನು ಕೇಳುವ ಸಾಲಿಗೆ ಬಂದರು. ಅಚ್ಚಿನಲ್ಲಿ 'ಪಾಪಗಳು ಎದ್ದವಾ' ಅಂತ ಇತ್ತು. ತಪ್ಪಕ್ಷರ ಕಣ್ಣಿಗೆ ಬಿತ್ತು. ನಾಲಿಗೆ ತಿದ್ದಿಬಿಟ್ಟಿತು.

"ಪಾಪಲು ಎದ್ದವಾ ತಲ್ಲೀ?"

ಅದೂ ಹೇಗೆ! ಓಬಳಮ್ಮನದೇ ರಾಗ, ಓಬಳಮ್ಮನದೇ ಎಳೆತ.

ಓಬಳಮ್ಮ ಕಂಬ ಬಿಟ್ಟು ನೆಟ್ಟಗೆ ಕೂತರು.

"ಆಲೆಮನೇಲಿ ಪಾಪಲು ಎಲ್ಲಿಂದ ಬಂದ್ವಪ್ಪಾ?"

ಮೇಷ್ಟ್ರು ನಶ್ಯದ ಡಬ್ಬಿಗೆ ಕೈ ಹಾಕಿದರು.

"ಚೆನ್ನರಾಯಾ, ತಗೋ ಅದನ್ನ. ಅಲ್ಲಿ ಏನು ಬರೆದದೋ ಅದನ್ನ ಓದು."

ಚೆನ್ನರಾಯಪ್ಪ ನಾಲ್ಕನೇ ಕ್ಲಾಸಿನವರೆಗೆ ಓದಿದವನು. ಭಾವನ ಕೈಯಿಂದ ಪತ್ರಿಕೆ ಬಿಡಿಸಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು, ಅಕ್ಷರ ಅಕ್ಷರ ಕೂಡಿಸಿ ಮೊದಲಿಂದ ಓದತೊಡಗಿದ. ಅವನು ಒಂದೊಂದು ಮಾತು ಮುಗಿಸುವುದರೊಳಗೆ ಮೇಷ್ಟ್ರಿಗೆ ಒಂದೊಂದು ಯುಗ. ಆಲೆಮನೆ ಇಲ್ಲವೇ ಇಲ್ಲ. ಹು-ಳು. ನಾ-ಲ್ಕ-ನೇ ಜ್ವ-ರ. ಒ-ದ್ದೆ. ಅಲ್ಲಿ ಅವನ ಬೆರಳು ನಿಂತಿತು. ತಲೆಯೆತ್ತಿ ಹೆಂಡತಿಯನ್ನು ನೋಡಿದ.

"ಓದ್ಬೇಡಿ," ಅಂದಳು ರಾಮಲಕ್ಷ್ಮಮ್ಮ. ಮಗುವನ್ನು ಚಾಪೆಯ ಮೇಲೆ ಇಳಿಸಿ ಎದ್ದು ನಿಂತಳು. "ಒದ್ದೆ ಸೊಪ್ಪು ಹಾಕ್ದೋಳು ನಾನೇ. ಅಕ್ಕ ಕೋಣೆ ಕಡೆ ಬಂದೇ ಇಲ್ಲ. ಹೆದ್ರಿಕೆಗೆ ಹೇಳ್ಲಿಲ್ಲ."

ಮುನಿವೆಂಕಟಪ್ಪ ಹೆಗಲ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡರು. ಓಬಳಮ್ಮ ಎದ್ದು ಒಳಗೆ ಹೋಗಿ, ರಾಮಲಕ್ಷ್ಮಮ್ಮನ ಟ್ರಂಕನ್ನು ಎಳೆದು ತಂದು ಹೊಸ್ತಿಲ ಮೇಲೆ ಇಟ್ಟರು.

"ನಿಮ್ಮಣ್ಣ ಬಂದವ್ನೆ. ಜೊತೆಗೇ ಹೊರಡು."

ಮೇಷ್ಟ್ರು ಅತ್ತೆಯ ಕಾಲಿಗೆ ಬೀಳಲು ಬಗ್ಗಿದರು. ತಪ್ಪು ನಂದು ಅತ್ತೆ, ನಂದು, ಅಂತ ಅದೇನೇನೋ ತೊದಲಿದರು. ಓಬಳಮ್ಮ ಕಾಲು ಹಿಂದಕ್ಕೆ ತಗೊಂಡರು. ಚೆನ್ನರಾಯಪ್ಪ ಪತ್ರಿಕೆಯನ್ನು ಮಡಿಸುತ್ತ ಬಿಚ್ಚುತ್ತ ಕೂತಿದ್ದ. ಬಸ್ಸು ಹಿಡಿದು ತಂಗಿಯ ಬಾಳು ಉಳಿಸಲು ಬಂದವರು ಈಗ ಅವಳನ್ನು ಟ್ರಂಕಿನ ಸಮೇತ ಕರಕೊಂಡು ಹೋಗಬೇಕಾಗಿತ್ತು.

"ಬ್ಯಾಡ ಅತ್ತೆ."

ಆಂಜಿನಮ್ಮ ಅಂಗಳದಿಂದ ಮೆಟ್ಟಿಲು ಹತ್ತಿ ಬಂದಿದ್ದಳು. ಕೈಯಲ್ಲಿ ಇನ್ನೂ ಸಗಣಿ ಒಣಗಿತ್ತು.

"ನಾನು ನಿಮ್ಮ ಪಾದ ಹಿಡ್ಕೊಂಡು ಆಣೆ ಇಟ್ಟೆ. ನಂಬ್ಲಿಲ್ಲ. ಇವತ್ತು ಕಾಗದದಲ್ಲಿ ಅಚ್ಚಾಗಿ ಬಂತು, ನಂಬಿದ್ರಿ. ಅಲ್ವಾ?" ರಾಮಲಕ್ಷ್ಮಮ್ಮನ ಕಡೆ ಕೈ ತೋರಿಸಿದಳು. "ಇವಳು ತವರಿಗೆ ಹೋಗಿ ಹಾಯಾಗಿ ಕೂತ್ಕೊಳ್ಳೋದು ಬ್ಯಾಡ. ನನ್ನನ್ನ ಕಳಿಸ್ಲಿಲ್ಲ, ಇಟ್ಕೊಂಡು ಸಗಣಿ ಬಾಚಿಸಿದ್ರಿ. ಇವಳೂ ಇಲ್ಲೇ ಇರ್ಲಿ. ಇವಳೂ ಬಾಚ್ಲಿ. ನಾಳೆಯಿಂದ ಹುಳ ನಾನು ನೋಡ್ಕೊತೀನಿ."

ಓಬಳಮ್ಮನಂಥ ಓಬಳಮ್ಮ ಬಗ್ಗಿ ಟ್ರಂಕನ್ನು ತಾವೇ ಒಳಕ್ಕೆ ತಳ್ಳಿದರು.

ಆಂಜಿನಮ್ಮ ಮೇಷ್ಟ್ರ ಕಡೆ ತಿರುಗಿದಳು. "ಅಣ್ಣಾ, ನಿಮಗೆ ಎಷ್ಟು ದಿನದಿಂದ ಗೊತ್ತಿತ್ತು?"

"ಎರಡು ವರ್ಷ ಆಯ್ತಮ್ಮಾ."

"ಎರಡು ವರ್ಷದಿಂದ ಬಂದಾಗೆಲ್ಲಾ ನಿಮ್ಮ ಕೈಗೆ ನೀರು ಕೊಟ್ಟೋಳು ನಾನೇ. ಇವತ್ತೂ ನಾನೇ ಕೊಟ್ಟೆ. ಆ ಕತೇಲಿ ನನ್ನ ವಿಷಯ ಎಷ್ಟು ಬರೆದಿದೀರಣ್ಣಾ?"

ಮೇಷ್ಟ್ರಿಗೆ ಕತೆ ಬಾಯಿಪಾಠವಾಗಿತ್ತು. 'ಅಪವಾದವು ಪಕ್ಕದ ಮನೆಯವಳ ಮೇಲೆ ಬಿದ್ದಿತು.' ಅಷ್ಟೇ. ಮುಂದಿನ ಪ್ಯಾರಾದಲ್ಲಿ ಸೊಸೆ ನಿಟ್ಟುಸಿರು ಬಿಡುತ್ತಾಳೆ. ಪಕ್ಕದ ಮನೆಯವಳು ಏನಾದಳು ಅಂತ ಕೇಳಬೇಕೆಂದು ಬರೆಯುವಾಗ ಅವರಿಗೆ ಹೊಳೆದೇ ಇರಲಿಲ್ಲ. ಅಂಗೈ ಅಂಗೈ ಅಂತ ಹನ್ನೆರಡು ವರ್ಷ ಮಕ್ಕಳಿಗೆ ತೋರಿಸಿದ ಮಹಾನುಭಾವರು! ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

"ಒಂದು ಸಾಲು," ಅಂದರು.

"ಒಂದು ಸಾಲು," ಅಂದಳು ಆಂಜಿನಮ್ಮ. ಹಿತ್ತಲಿಗೆ ಹೋಗಿ ಕೈ ತೊಳೆದುಕೊಳ್ಳತೊಡಗಿದಳು. ಬಹಳ ಹೊತ್ತು ತೊಳೆದುಕೊಂಡಳು.

ಮೇಷ್ಟ್ರನ್ನು ಯಾರೂ ಹೋಗು ಅನ್ನಲಿಲ್ಲ, ಇರು ಅಂತಲೂ ಅನ್ನಲಿಲ್ಲ. ಸಂಜೆಯ ಬಸ್ಸಿಗೆ ಅವರು ತಾವೇ ಎದ್ದರು. ರಾಮಲಕ್ಷ್ಮಮ್ಮ ಕೊಟ್ಟಿಗೆಯಲ್ಲಿ ಬುಟ್ಟಿಗೆ ಸಗಣಿ ತುಂಬುತ್ತಿದ್ದಳು. ಅಭ್ಯಾಸವಿಲ್ಲದ ಕೈ. ನಾಳೆಯಿಂದ ಅಂತ ಆಂಜಿನಮ್ಮ ಅಂದಿದ್ದರೂ ಇವಳು ಅವತ್ತೇ ಶುರುಮಾಡಿದ್ದಳು. ಮೇಷ್ಟ್ರು ಹೋಗಿ ಗೊಂತಿನ ಪಕ್ಕ ನಿಂತರು.

"ರಾಮಲಕ್ಷ್ಮೀ, ಬಯ್ಯಮ್ಮಾ. ಹೊಡಿ ಬೇಕಾದ್ರೆ. ಮನಸ್ಸಲ್ಲಿ ಇರೋದನ್ನ ಹೇಳ್ಬಿಡು."

ಅವಳು ಬುಟ್ಟಿ ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು.

"ಏನೂ ಇಲ್ಲಣ್ಣಾ, ಚೆನ್ನಾಗಿದೀನಿ. ಅತ್ತಿಗೇನ ಕೇಳ್ದೆ ಅಂತ ಹೇಳು. ಬಸ್ಸಿಗೆ ಹೊತ್ತಾಯ್ತು, ಹೊರಡು."

"ಏನಾದ್ರೂ ಹೇಳೇ."

"ಹೇಳಿದ್ರೆ ನೀನು ಬರೀತೀಯ," ಅಂದು ಅವಳು ತಿಪ್ಪೆಯ ಕಡೆ ನಡೆದಳು.